ಹೊಳೆ ಇಳಿದ ಮೇಲೆ ಮನೆ: ಒಣಗದ ಗೋಡೆಗೆ ಬಣ್ಣ ಬೇಡ

ನರಗುಂದ ತಾಲೂಕಿನ ಕೊಣ್ಣೂರು ಮಲಪ್ರಭೆಯ ದಂಡೆಯ ಊರು. ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿ ಇಲ್ಲಿ ಹೊಳೆ ದಾಟುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆಗೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ. ಮೇಲ್ಗಡೆ ಮಳೆ ಜೋರಾಗಿ ಅಣೆಕಟ್ಟಿನ ಬಾಗಿಲು ತೆರೆದರೆ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿಯಂಥ ಊರುಗಳ ಎದೆಯಲ್ಲಿ ನಡುಕ ಶುರುವಾಗುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ ಬಂದ ನೀರನ್ನು ಇಲ್ಲಿಯ ಹಿರಿಯರು ಇನ್ನೂ ಮರೆತಿಲ್ಲ. ಆಮೇಲೆ 2019ರ ಆಗಸ್ಟ್ ಬಂತು. ಆ ವರ್ಷ ಬಕ್ರೀದ್ ಆಗಸ್ಟ್ 12ಕ್ಕೆ ಇತ್ತು. ಹೊಳೆದಂಡೆಯ ಎಷ್ಟೋ ಕುಟುಂಬಗಳಿಗೆ ಆ ಹಬ್ಬ ಸ್ವಂತ ಮನೆಯ ಅಂಗಳದಲ್ಲಿ ಆಗಲಿಲ್ಲ.

ನೀರು ಬರುವಾಗ ಏನು ಮಾಡಬೇಕೆಂದು ಈಗ ನಮಗೆ ಗೊತ್ತಿದೆ. ಡಂಗುರ ಕೇಳಿದ ಕೂಡಲೇ ಮಕ್ಕಳನ್ನೂ ದನಗಳನ್ನೂ ಎತ್ತರದ ಜಾಗಕ್ಕೆ ಒಯ್ಯುತ್ತೇವೆ. ಆದರೆ ನೀರು ಇಳಿದ ಮೇಲೆ ಮನೆಯನ್ನು ಮತ್ತೆ ಮನೆಯಾಗಿಸುವುದು ಹೇಗೆ ಎಂಬುದನ್ನು ನಮಗೆ ಯಾರೂ ಕಲಿಸಿಲ್ಲ. ದೊಡ್ಡ ಶಹರಗಳಲ್ಲಿ ಈ ಕೆಲಸಕ್ಕೆಂದೇ ಕಂಪನಿಗಳಿವೆ. ನೀರು ಹೀರುವ ಪಂಪು, ತೇವ ಎಳೆಯುವ ಯಂತ್ರ, ಗೋಡೆಯ ಹಸಿ ಅಳೆಯುವ ಉಪಕರಣ ಹಿಡಿದುಕೊಂಡು ಬರುತ್ತಾರೆ. ನಮ್ಮ ಊರುಗಳಲ್ಲಿ ಆ ಕೆಲಸ ಮಾಡುವವರು ಮನೆಯ ಹೆಣ್ಣುಮಕ್ಕಳು, ಊರಿನ ಗೌಂಡಿ, ಪಕ್ಕದ ಮನೆಯವರು. ಅವರಿಗಾಗಿ ಈ ಪಾಠ.

ನಾನು ತಡವಾಗಿ ಕಲಿತದ್ದು

ಒಂದು ಪ್ರಸಂಗ ಹೇಳುತ್ತೇನೆ. ನೆರೆ ಬಂದ ವರ್ಷದ ನವೆಂಬರಿನಲ್ಲಿ ಹೊಳೆದಂಡೆಯ ಒಂದು ಊರಿನಿಂದ ಅಜ್ಜಿಯೊಬ್ಬರು ಏಳು ವರ್ಷದ ಮೊಮ್ಮಗಳನ್ನು ನನ್ನ ದವಾಖಾನೆಗೆ ಕರೆತಂದರು. ಹುಡುಗಿಗೆ ರಾತ್ರಿಯಿಡೀ ಕೆಮ್ಮು, ಎದೆಯಲ್ಲಿ ಸುಂಯ್ ಎಂಬ ಸದ್ದು. ಉನ್ನಾಬ್, ಬಿಹಿದಾನಾ, ಜ್ಯೇಷ್ಠಮಧು ಹಾಕಿದ ಜೋಶಾಂದಾ ಕೊಟ್ಟೆ. ವಾರ ಬಿಟ್ಟು ಬಂದರು, ಕಡಿಮೆಯಾಗಿರಲಿಲ್ಲ. ಔಷಧ ಬದಲಿಸಿದೆ. ಮೂರನೆಯ ಸಲ ಬಂದಾಗಲೂ ಅದೇ ಕೆಮ್ಮು. ಆಗ ಕೇಳಬೇಕಾದ ಪ್ರಶ್ನೆ ನೆನಪಾಯಿತು: "ಕೂಸು ಎಲ್ಲಿ ಮಲಗ್ತೈತ್ರಿ?"

ಮನೆಗೆ ಹೋಗಿ ನೋಡಿದೆ. ಆಗಸ್ಟಿನಲ್ಲಿ ಆ ಮನೆಯೊಳಗೆ ಎದೆಯೆತ್ತರ ನೀರು ನಿಂತಿತ್ತು. ಡಿಸೆಂಬರಿನಲ್ಲಿ ಹುಡುಗಿಯ ಅಕ್ಕನ ನಿಕಾಹ್ ಗೊತ್ತಾಗಿತ್ತು. ಬೀಗರು ಬರುವ ಮನೆ ಚೆಂದ ಕಾಣಬೇಕೆಂದು ನೀರು ಇಳಿದ ಒಂದೇ ತಿಂಗಳಿಗೆ ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಮಾಡಿಸಿ, ಅದರ ಮೇಲೆ ಹೊಳಪಿನ ಆಯಿಲ್ ಪೇಂಟ್ ಬಳಿಸಿದ್ದರು. "ಗ್ವಾಡಿ ಒಣಗೈತ್ರಿ ಡಾಕ್ಟ್ರ, ಕೈಗೆ ಏನೂ ಹತ್ತೂದಿಲ್ಲ" ಎಂದರು ಅಜ್ಜಿ. ಹುಡುಗಿಯ ಹಾಸಿಗೆಯ ಹಿಂದೆ ಒರಗಿಸಿಟ್ಟಿದ್ದ ತಿಜೋರಿಯನ್ನು ಸರಿಸಿದಾಗ ಕಂಡದ್ದು ಬೇರೆ. ಬಣ್ಣ ಗುಳ್ಳೆ ಎದ್ದಿತ್ತು, ಅದರ ಸುತ್ತ ಕಪ್ಪು-ಹಸಿರು ಬೂಷ್ಟು ಹರಡಿತ್ತು. ಬೆರಳಿನಿಂದ ಒತ್ತಿದರೆ ಗಿಲಾವಿನ ಹಿಂದಿನ ಮಣ್ಣು ಇನ್ನೂ ಹಸಿ.

ಹುಡುಗಿಯನ್ನು ಬೇರೆ ಕೋಣೆಯಲ್ಲಿ ಮಲಗಿಸಲು ಹೇಳಿದೆ, ಎದೆಯ ಪರೀಕ್ಷೆಗೆ ತಾಲೂಕು ಆಸ್ಪತ್ರೆಗೂ ಕಳಿಸಿದೆ. ಗೋಡೆಯ ಗಿಲಾವನ್ನು ಕೆತ್ತಿಸಬೇಕಾಯಿತು. ನಿಕಾಹ್ ಕೆತ್ತಿದ ಗೋಡೆಯ ಮನೆಯಲ್ಲೇ ಆಯಿತು. ಬೀಗರು ಏನೂ ಅನ್ನಲಿಲ್ಲ. ಹುಡುಗಿಗೆ ರಾತ್ರಿ ನಿದ್ದೆ ಬರತೊಡಗಿತು. ಆ ಮನೆಯವರು ಕೂಡಿಟ್ಟ ಹಣ ಎರಡು ಸಲ ಗೋಡೆಗೆ ಹೋಯಿತು, ಮಗು ಎರಡು ತಿಂಗಳು ನರಳಿತು. ತಪ್ಪು ಅವರೊಬ್ಬರದಲ್ಲ. ಮೊದಲ ದಿನವೇ ಮನೆಯ ಬಗ್ಗೆ ಕೇಳದಿದ್ದ ನನ್ನದೂ ಹೌದು.

ಯೂನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಬೇಕಾದ ಆರು ಮೂಲ ಸಂಗತಿಗಳನ್ನು ಹೇಳುತ್ತಾರೆ. ಅದರಲ್ಲಿ ಮೊದಲನೆಯದು ಹವಾ, ನಾವು ಉಸಿರಾಡುವ ಗಾಳಿ. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಕೆಟ್ಟ ಗಾಳಿ, ಕೆಟ್ಟ ನೀರಿನ ಬಗ್ಗೆ ವಿವರವಾಗಿ ಬರೆದಿದ್ದಾರೆ. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಹುಡುಕುವಾಗ ಅರ್ರಾಝಿಯವರು ಊರಿನ ಬೇರೆ ಬೇರೆ ಕಡೆ ಮಾಂಸದ ತುಂಡು ತೂಗುಹಾಕಿಸಿ, ಎಲ್ಲಿ ತಡವಾಗಿ ಕೊಳೆಯಿತೋ ಆ ಜಾಗವನ್ನು ಆರಿಸಿದರೆಂಬ ಕಥೆ ವೈದ್ಯರ ನಡುವೆ ಪ್ರಚಲಿತ. ಬೂಷ್ಟಿನ ಕಣ್ಣಿಗೆ ಕಾಣದ ಕಣಗಳು ಗಾಳಿಯಲ್ಲಿ ಸೇರಿ ಉಸಿರಾಟದ ತೊಂದರೆ ತರುತ್ತವೆ ಎಂದು ಇಂದಿನ ವೈದ್ಯವಿಜ್ಞಾನ ಹೇಳುತ್ತದೆ. ರುತೂಬತ್, ಅಂದರೆ ತೇವ, ಮಿತಿ ಮೀರಿದರೆ ಕೊಳೆತ ಹುಟ್ಟುತ್ತದೆ ಎಂದು ನಮ್ಮ ಹಕೀಮರು ಹೇಳಿದರು. ಇಬ್ಬರೂ ಕೊಡುವ ಮೊದಲ ಔಷಧ ಒಂದೇ: ಒಣಗಿಸಿ.

ಒಳಗೆ ಕಾಲಿಡುವ ಮೊದಲು

ನೀರು ಇಳಿದ ದಿನವೇ ಮನೆಯೊಳಗೆ ನುಗ್ಗಬೇಡಿ. ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಗೋಡೆ, ಜಂತಿ, ಅದರ ಮೇಲೆ ಮಣ್ಣು ಹೊದಿಸಿದ ಮಾಳಿಗೆಯವು. ಮಣ್ಣಿನ ಗೋಡೆ ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಮಾಳಿಗೆಯ ಮಣ್ಣು ಮಳೆಯಲ್ಲಿ ನೆನೆದು ಭಾರವಾಗಿರುತ್ತದೆ. ಬಲವಿಲ್ಲದ ಗೋಡೆಯ ಮೇಲೆ ಹೆಚ್ಚಿದ ಭಾರ. ಅದಕ್ಕೇ ನೀರಿನಲ್ಲಿ ನಿಂತಿದ್ದ ಮನೆ ನೀರು ಹೋದ ಮೇಲೆ ಬೀಳುವುದುಂಟು. ಕೆಳಗಿನ ಎರೆಮಣ್ಣೂ ಸುಮ್ಮನಿರುವುದಿಲ್ಲ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ, ತಳಪಾಯ ಅಲುಗುತ್ತದೆ. ಹಾಗಾಗಿ ಅಪಾಯ ಒಂದು ದಿನದ್ದಲ್ಲ, ವಾರಗಟ್ಟಲೆ ಇರುವಂಥದ್ದು.

ಮೊದಲು ಹೊರಗೆ ನಿಂತು ಸುತ್ತ ನೋಡಿ. ಗೋಡೆ ಹೊಟ್ಟೆ ಬಿಟ್ಟಿದೆಯೇ? ಬಾಗಿಲ ಚೌಕಟ್ಟು ವಾರೆಯಾಗಿದೆಯೇ? ಜಂತಿಯ ತುದಿ ಗೋಡೆಯಿಂದ ಸರಿದಿದೆಯೇ? ಮಾಳಿಗೆಯಿಂದ ಮಣ್ಣು ಉದುರುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಗೌಂಡಿಯನ್ನೋ ಎಂಜಿನಿಯರರನ್ನೋ ಕರೆಸಿ, ಕಂಬದ ಆಸರೆ ಕೊಟ್ಟ ಮೇಲೆಯೇ ಒಳಗೆ ಹೋಗಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ವಾರದ ಮೇಲೆ ಬಿರುಕು ಗೆರೆ ದಾಟಿದ್ದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಅಂಥ ಕೋಣೆಯಲ್ಲಿ ಯಾರೂ ಮಲಗಬಾರದು.

ಮೇನ್ ಸ್ವಿಚ್ಚು ನೀರಿನಲ್ಲಿ ಮುಳುಗಿದ್ದರೆ ಮುಟ್ಟಬೇಡಿ. ಲೈನ್‌ಮನ್ ಬಂದು ಹೊರಗಿನ ಸಂಪರ್ಕ ಕಡಿದ ಮೇಲೆ, ವೈರಿಂಗ್ ಬಲ್ಲವರು ಒಣಗಿದ ಬೋರ್ಡು ಪರೀಕ್ಷಿಸಿದ ಮೇಲೆ ಕರೆಂಟು ಹಾಕಿಸಿ. ಗ್ಯಾಸಿನ ರೆಗ್ಯುಲೇಟರಿನಲ್ಲಿ ರಾಡಿ ಹೊಕ್ಕಿದ್ದರೆ ಬದಲಿಸಿ. ಕಟ್ಟಿಗೆಯ ರಾಶಿ, ಟ್ರಂಕು, ಒಲೆಯ ಸಂದುಗಳಲ್ಲಿ ಹಾವು ಚೇಳು ಸೇರಿರುತ್ತವೆ. ಕೈ ಹಾಕುವ ಮೊದಲು ಕೋಲಿನಿಂದ ಅಲುಗಾಡಿಸಿ.

ಗುದ್ದಲಿ ಹಿಡಿಯುವ ಮೊದಲು ಮೊಬೈಲು ಹಿಡಿಯಿರಿ. ಗೋಡೆಯ ಮೇಲೆ ನೀರು ನಿಂತ ಗುರುತು, ಬಿದ್ದ ಭಾಗ, ಬಿರುಕು, ಕೆಟ್ಟ ಸಾಮಾನು ಎಲ್ಲದರ ಫೋಟೊ ತೆಗೆದಿಡಿ. 2019ರಲ್ಲಿ ಸರ್ಕಾರ ಹಾನಿಯ ಪ್ರಮಾಣ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಹಾನಿಯಾದ ಮನೆಗೆ 5 ಲಕ್ಷ ರೂಪಾಯಿ ಪ್ರಕಟಿಸಿತು. ನೀರು ನುಗ್ಗಿದ ಮನೆಗಳಿಗೆ ತುರ್ತು ಪರಿಹಾರವಾಗಿ 10 ಸಾವಿರ ರೂಪಾಯಿ ಘೋಷಿಸಿತ್ತು. ಇಂಥ ವಿಂಗಡಣೆಯಲ್ಲಿ ಸರ್ವೆ ದಿನ ಕಂಡದ್ದಕ್ಕೇ ಬೆಲೆ. ಇಂದು ನಿಂತಿರುವ ಗೋಡೆ ಮುಂದಿನ ತಿಂಗಳು ಬಿದ್ದರೆ, ಅದು ನೆರೆಯಿಂದಲೇ ಬಿತ್ತು ಎನ್ನಲು ತಾರೀಖು ಇರುವ ಆ ಫೋಟೊ ನೆರವಾಗುತ್ತದೆ. ಬಣ್ಣ ಬಳಿದು ಮುಚ್ಚಿದ ಬಿರುಕನ್ನು ಯಾವ ಎಂಜಿನಿಯರೂ ನೋಡಲಾರರು.

ಯಾರು ಕೆಲಸ ಮಾಡಬೇಕು?

ನಮ್ಮ ಮನೆಗಳಲ್ಲಿ ತೊಳೆಯುವ ಕೆಲಸವೆಂದರೆ ಹೆಣ್ಣುಮಕ್ಕಳದು ಎಂದು ಬಿಟ್ಟುಬಿಡುತ್ತೇವೆ. ನೆರೆಯ ರಾಡಿ ದಿನನಿತ್ಯದ ಕಸವಲ್ಲ. ಅದರಲ್ಲಿ ಪಾಯಖಾನೆಯ ಹೊಲಸು, ಸತ್ತ ಪ್ರಾಣಿ, ಹೊಲದ ಔಷಧಿ ಎಲ್ಲ ಬೆರೆತಿರುತ್ತದೆ. ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳು, ಮುದುಕರು, ದಮ್ಮಿನ ರೋಗಿಗಳು, ಸಕ್ಕರೆ ಕಾಯಿಲೆಯವರು ಈ ಕೆಲಸಕ್ಕೆ ಇಳಿಯಬಾರದು. ಗಟ್ಟಿಮುಟ್ಟಾದ ಗಂಡಸರು ಮೊದಲು ಇಳಿಯಲಿ. ಪ್ರವಾದಿ(ಸ)ರು ತಮ್ಮ ಮನೆಯ ಕೆಲಸಕ್ಕೆ ತಾವೇ ಕೈಹಾಕುತ್ತಿದ್ದರು ಎಂಬುದನ್ನು ನಾವು ಬಯಾನಿನಲ್ಲಿ ಕೇಳಿ ಖುಷಿಪಡುತ್ತೇವೆ. ಅದನ್ನು ನಡೆದು ತೋರಿಸುವ ದಿನ ಇದು.

ಕಾಲಿಗೆ ರಬ್ಬರಿನ ಗಮ್‌ಬೂಟು, ಕೈಗೆ ದಪ್ಪ ಗ್ಲೌಸು, ಮೂಗು ಬಾಯಿಗೆ ಮಾಸ್ಕು ಇರಲಿ. ಗಾಯವಿದ್ದರೆ ನೀರು ತಾಗದಂತೆ ಕಟ್ಟಿಕೊಳ್ಳಿ. ಮೊಳೆ, ತಗಡು ಚುಚ್ಚಿದರೆ ಅದೇ ದಿನ ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಇಲಿಜ್ವರ ತಡೆಯಲು ಮಾತ್ರೆ ಬೇಕೇ ಎಂದೂ ಅಲ್ಲೇ ಕೇಳಿ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಮೈ ತೊಳೆದುಕೊಂಡೇ ಊಟಕ್ಕೆ ಕೂರಿ.

ತೊಳೆಯುವ ಕ್ರಮ

ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ರಾಡಿ ತೆಗೆಯುವುದು, ಆಮೇಲೆ ತೊಳೆಯುವುದು, ಆಮೇಲೆ ಬ್ಲೀಚಿಂಗ್ ಪೌಡರ್, ಕೊನೆಗೆ ಒಣಗಿಸುವುದು. ಒಂದನ್ನು ಬಿಟ್ಟು ಮುಂದಿನದಕ್ಕೆ ಹೋದರೆ ಶ್ರಮ ವ್ಯರ್ಥ.

ರಾಡಿ ಹಸಿಯಿರುವಾಗಲೇ ಸಲಿಕೆಯಿಂದ ಎತ್ತಿ ಹಾಕಿ. ಗಟ್ಟಿಯಾದ ಮೇಲೆ ತೆಗೆಯುವುದು ಕಷ್ಟ, ಧೂಳೂ ಏಳುತ್ತದೆ. ಮಣ್ಣಿನ ಗೋಡೆಗೆ ಪೈಪು ಹಿಡಿದು ಜೋರಾಗಿ ನೀರು ಹೊಡೆಯಬೇಡಿ. ಮತ್ತಷ್ಟು ನೆನೆದು ಬೀಳುತ್ತದೆ. ಅಂಥ ಗೋಡೆಯನ್ನು ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕಡಪಾ ಕಲ್ಲಿನ ನೆಲ, ಸಿಮೆಂಟಿನ ನೆಲವನ್ನು ಸಾಬೂನು ನೀರಿನಿಂದ ತಿಕ್ಕಿ ತೊಳೆಯಿರಿ.

ಆಮೇಲೆ ಬ್ಲೀಚಿಂಗ್ ಪೌಡರ್. 15 ಲೀಟರಿನ ಒಂದು ಬಕೆಟ್ ನೀರಿಗೆ ಸುಮಾರು 50 ಗ್ರಾಂ ಹೊಸ ಪುಡಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ನೆಲದ ಮೇಲೆ ಹರಡಿ, ಹತ್ತು-ಹದಿನೈದು ನಿಮಿಷ ಬಿಟ್ಟು ತೊಳೆಯಿರಿ. ರಾಡಿಯ ಮೇಲೆ ಒಣಪುಡಿ ಎರಚಿ ಕೈತೊಳೆದುಕೊಳ್ಳುವುದನ್ನು ಎಲ್ಲ ಕಡೆ ನೋಡುತ್ತೇವೆ. ಅದರಿಂದ ಪ್ರಯೋಜನ ಕಡಿಮೆ. ಪುಡಿಯ ಬಲವೆಲ್ಲ ಕೆಸರಿನಲ್ಲೇ ಕಳೆದುಹೋಗುತ್ತದೆ. ಪಾಯಖಾನೆ ತೊಳೆಯುವ ಆಸಿಡ್ ಜೊತೆ ಇದನ್ನು ಎಂದೂ ಬೆರೆಸಬೇಡಿ. ಎದೆ ಸುಡುವ ವಿಷಗಾಳಿ ಏಳುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟೇ ಕೆಲಸ ಮಾಡಿ.

ಉಳಿಸಬೇಕಾದ್ದು, ಬಿಡಬೇಕಾದ್ದು

ಸ್ಟೀಲು, ತಾಮ್ರ, ಗಾಜಿನ ಪಾತ್ರೆಗಳನ್ನು ಸಾಬೂನಿನಿಂದ ತೊಳೆದು ಕುದಿಯುವ ನೀರಿನಲ್ಲಿ ಅದ್ದಿದರೆ ಬಳಸಬಹುದು. ಕೌದಿ, ಚಾದರ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಹತ್ತಿಯ ಗಾದಿ, ಫೋಮಿನ ದಿಂಬು ನೆರೆನೀರು ಕುಡಿದಿದ್ದರೆ ಆಸೆ ಬಿಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಬೂಷ್ಟು ಕಟ್ಟುತ್ತದೆ. ಒದ್ದೆ ವಸ್ತುವಿನ ಮೇಲೆ ಒಂದೆರಡು ದಿನದಲ್ಲೇ ಬೂಷ್ಟು ಹುಟ್ಟುತ್ತದೆ. ಮಗಳ ಮದುವೆಗೆಂದು ಮಾಡಿಸಿಟ್ಟ ಗಾದಿಯನ್ನು ಎಸೆಯುವುದು ತಾಯಿಗೆ ಎಷ್ಟು ಕಷ್ಟ ಎಂದು ಬಲ್ಲೆ. ಆದರೂ ಹೇಳಲೇಬೇಕು.

ನೆನೆದ ಜೋಳ, ಗೋಧಿ, ಶೇಂಗಾ, ಹಿಟ್ಟುಗಳನ್ನು ಬಿಸಿಲಿಗೆ ಹಾಕಿ ರೊಟ್ಟಿ ಮಾಡಿ ತಿನ್ನುವವರಿದ್ದಾರೆ. ಬೂಷ್ಟಿನಿಂದ ಹುಟ್ಟುವ ವಿಷ ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಅದು ಯಕೃತ್ತನ್ನು ಕೆಡಿಸುತ್ತದೆ. ಎಮ್ಮೆಗೆ ಹಾಕಿದರೆ ಹಾಲಿನಲ್ಲೂ ಬರುತ್ತದೆ. ಹಾಗಾಗಿ ದನಕ್ಕೂ ಬೇಡ.

ಹಗೇವಿನ ಬಗ್ಗೆ ವಿಶೇಷ ಎಚ್ಚರಿಕೆ. ನೀರು ಹೊಕ್ಕ ಹಗೇವಿನಲ್ಲಿ ಕಾಳು ಹುಳಿತು ಒಳಗಿನ ಪ್ರಾಣವಾಯು ಕಡಿಮೆಯಾಗಿರುತ್ತದೆ, ಭಾರವಾದ ಕೆಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆ. ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಒಳಗಿನ ಕಾಳು ಹೇಗೂ ತಿನ್ನಲು ಬಾರದು. ಅದಕ್ಕಾಗಿ ಜೀವ ಕೊಡಬೇಡಿ. ಯಾರಾದರೂ ಒಳಗೆ ಬಿದ್ದರೆ ಅಗ್ನಿಶಾಮಕ ದಳಕ್ಕೆ 112 ಅಥವಾ 101ಕ್ಕೆ ಫೋನ್ ಮಾಡಿ, ಹಿಂದೆಯೇ ಇಳಿಯಬೇಡಿ.

ಮನೆಯ ಉತಾರ, ಆಧಾರ್, ರೇಷನ್ ಕಾರ್ಡು, ನಿಕಾಹ್‌ನಾಮಾ ಒದ್ದೆಯಾಗಿದ್ದರೆ ಎಳೆದು ಬಿಡಿಸಬೇಡಿ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಬಿಳಿ ಹಾಳೆಗಳ ನಡುವೆ ಇಟ್ಟು ಹಾಳೆ ಬದಲಿಸುತ್ತ ಹೋಗಿ. ಒದ್ದೆಯಾದ ಕುರ್‌ಆನ್ ಪ್ರತಿಯನ್ನೂ ಹಾಗೆಯೇ ಎತ್ತರದ ಶುದ್ಧ ಜಾಗದಲ್ಲಿ ಒಣಗಿಸಿ. ಓದಲು ಬಾರದಷ್ಟು ಕೆಟ್ಟಿದ್ದರೆ ಕಸದ ಜೊತೆ ಹೋಗದಂತೆ ಎತ್ತಿಡಿ. ಶುದ್ಧ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಜಾಗದಲ್ಲಿ ಹೂಳುವ ಬಗೆಯನ್ನು ನಿಮ್ಮ ಮಸೀದಿಯ ಇಮಾಮರು ತಿಳಿಸುತ್ತಾರೆ.

ಪಾಕ್ ಬೇರೆ, ಸಾಫ್ ಬೇರೆ

‘ಪಾಕ್-ಸಾಫ್’ ಎಂದು ಎರಡನ್ನೂ ಒಟ್ಟಿಗೇ ಹೇಳುವುದು ನಮ್ಮ ಮನೆಗಳ ರೂಢಿ. ನೆರೆಯ ನಂತರ ಇವೆರಡನ್ನೂ ಬಿಡಿಸಿ ನೋಡಬೇಕು. ನಮ್ಮ ಕಡೆ ಹೆಚ್ಚಾಗಿ ಅನುಸರಿಸುವ ಹನಫಿ ಫಿಕ್ಹ್‌ನಲ್ಲಿ, ಹೊಲಸು ಬಿದ್ದ ಬಾವಿಯ ನೀರನ್ನು ಎತ್ತಿ ಹಾಕಿದರೆ ಬಾವಿ ಪಾಕ್ ಆಗುತ್ತದೆ ಎಂಬ ನಿಯಮವಿದೆ. ವುಝೂವಿಗೆ ಅದು ಸಾಕು. ಆದರೆ ಹೊಟ್ಟೆಯೊಳಗೆ ಹೋಗಲು ಸಾಲದು. ಕಾಲರಾ, ಕಾಮಾಲೆ, ವಿಷಮಶೀತ ಜ್ವರದ ರೋಗಾಣುಗಳು ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಬಾವಿಯ ನೀರನ್ನು ಪಂಪಿನಿಂದ ಖಾಲಿ ಮಾಡಿ, ರಾಡಿ ತೆಗೆಸಿ, ಹೊಸ ನೀರು ತಿಳಿಯಾದ ಮೇಲೆ ಕ್ಲೋರಿನ್ ಹಾಕಬೇಕು. ಲೆಕ್ಕ ಹೀಗೆ: ಬಾವಿಯ ಅಡ್ಡಳತೆ ಮೀಟರಿನಲ್ಲಿ ಎಷ್ಟೋ ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಎಷ್ಟು ಲೀಟರ್ ಎಂದು ಸಿಗುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ ಸುಮಾರು 28 ಸಾವಿರ ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬುದು ಸಾಮಾನ್ಯ ದಿನಗಳ ಪ್ರಮಾಣ. ಅಂದರೆ 70 ಗ್ರಾಂ. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಾವಿಗೆ ಸುರಿದು, ಕೊಡ ಇಳಿಸಿ ಎತ್ತಿ ಕಲಕಿ. ಕನಿಷ್ಠ ಒಂದು ತಾಸು ನೀರು ಸೇದಬಾರದು. ನೆರೆ ನುಗ್ಗಿದ ಬಾವಿಗೆ ಹೆಚ್ಚು ಪುಡಿ ಬೇಕಾಗುತ್ತದೆ. ಆರೋಗ್ಯ ಇಲಾಖೆಯ ಸಿಬ್ಬಂದಿ ನೀರು ಪರೀಕ್ಷಿಸಿ ನಿಖರ ಪ್ರಮಾಣ ಹೇಳುತ್ತಾರೆ. ಅವರು ಸರಿ ಎನ್ನುವವರೆಗೆ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ಕೆಟ್ಟ ನೀರನ್ನು ಕುದಿಸಿ ಸರಿಪಡಿಸುವ ಮಾತನ್ನು ಇಬ್ನ್ ಸೀನಾ ಸಾವಿರ ವರ್ಷದ ಹಿಂದೆಯೇ ಬರೆದಿದ್ದಾರೆ.

ಒಣಗಿಸುವುದೇ ಮದ್ದು

ಈಗ ಪಾಠದ ಮುಖ್ಯ ಭಾಗ. ಹನಫಿ ಫಿಕ್ಹ್‌ನಲ್ಲಿ ಒಂದು ಸೊಗಸಾದ ನಿಯಮವಿದೆ. ಹೊಲಸು ತಾಗಿದ ನೆಲ ಒಣಗಿ, ಹೊಲಸಿನ ಗುರುತು ಪೂರ್ತಿ ಹೋದರೆ ಆ ನೆಲ ನಮಾಝಿಗೆ ಪಾಕ್. ಆದರೆ ಅದೇ ಮಣ್ಣಿನಿಂದ ತಯಮ್ಮುಮ್ ಮಾಡುವಂತಿಲ್ಲ. ಒಣಗುವುದಕ್ಕೂ ಶುದ್ಧಿಗೂ ಇರುವ ಸಂಬಂಧವನ್ನು ನಮ್ಮ ಹಿರಿಯ ವಿದ್ವಾಂಸರು ಎಷ್ಟು ಸೂಕ್ಷ್ಮವಾಗಿ ನೋಡಿದ್ದರು! ನಾವು ಮಾತ್ರ ಒಣಗಲು ಬಿಡದೆ ಮುಚ್ಚಿಬಿಡುತ್ತೇವೆ.

ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ ಗೋಡೆ ನೀರನ್ನು ಮೇಲಕ್ಕೆ ಹೀರುತ್ತದೆ. ಆದ್ದರಿಂದ ನೀರು ನಿಂತ ಗುರುತಿಗಿಂತ ಮೇಲೂ ಹಸಿ ಇರುತ್ತದೆ. ಗೋಡೆಯ ಒಂದಿಂಚು ಒಣಗಲು ಸುಮಾರು ಒಂದು ತಿಂಗಳು ಎಂಬುದು ಕಟ್ಟಡ ಕೆಲಸದವರ ಅಂದಾಜು. ಒಂದೂವರೆ ಅಡಿ ದಪ್ಪದ ಗೋಡೆ ಎರಡೂ ಬದಿಯಿಂದ ಒಣಗಿದರೂ ಈ ಲೆಕ್ಕದಲ್ಲಿ ಒಂಬತ್ತು ತಿಂಗಳಾಯಿತು. ನಮ್ಮ ಸೀಮೆಯ ಬಿಸಿಲು ಗಾಳಿಗೆ ಇದಕ್ಕಿಂತ ಬೇಗ ಆಗಬಹುದು. ಆದರೆ ಹತ್ತು-ಹದಿನೈದು ದಿನದಲ್ಲಿ ಆಗುವುದಿಲ್ಲ. ಕೈ ಸವರಿದರೆ ತಿಳಿಯುವುದು ಮೇಲ್ಮೈ ಮಾತ್ರ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಒಂದಡಿ ಉದ್ದ-ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಕೆಳಭಾಗಕ್ಕಿಟ್ಟು ನಾಲ್ಕೂ ಬದಿ ಅಂಟುಪಟ್ಟಿ ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿ. ತೆಗೆದಾಗ ಒಳಬದಿಯಲ್ಲಿ ಬೆವರಿನಂತೆ ಹನಿ ಕಂಡರೆ, ಅಥವಾ ಗೋಡೆಯ ಆ ಭಾಗ ಕಪ್ಪಾಗಿದ್ದರೆ ಗೋಡೆ ಇನ್ನೂ ಹಸಿ. ಪ್ರತಿ ಕೋಣೆಯಲ್ಲೂ ಎರಡು ಮೂರು ಕಡೆ ನೋಡಿ, ತಿಂಗಳಿಗೊಮ್ಮೆ ಮತ್ತೆ ನೋಡಿ.

ಒಣಗಲು ನೆರವಾಗುವುದು ಹೀಗೆ: ಹಗಲು ಕಿಟಕಿ ಬಾಗಿಲು ತೆರೆದಿಡಿ. ತಿಜೋರಿ, ಟ್ರಂಕು, ಹಾಸಿಗೆಗಳನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಉಬ್ಬಿದ, ಟೊಳ್ಳು ಸದ್ದು ಬರುವ ಸಿಮೆಂಟು ಗಿಲಾವನ್ನು ಕೆತ್ತಿ ತೆಗೆಸಿ. ಕರೆಂಟು ಸುರಕ್ಷಿತವಾಗಿದ್ದರೆ ಫ್ಯಾನು ಹಚ್ಚಿ. ಗೋಡೆಯ ಬುಡದಲ್ಲಿ ಹೊರಗಡೆ ನೀರು ನಿಲ್ಲದಂತೆ ಕಾಲುವೆ ತೋಡಿ. ಬೇಗ ಒಣಗಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡಬೇಡಿ. ಅದರ ವಿಷಗಾಳಿಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ.

ಒಣಗಿದ ಮಣ್ಣಿನ ಗೋಡೆಗೆ ಮಣ್ಣಿನ ಅಥವಾ ಸುಣ್ಣದ ಗಿಲಾವೇ ಹಿತ. ಮೇಲೆ ಸುಣ್ಣ ಬಳಿಯಿರಿ. ಸುಣ್ಣದ ಮೂಲಕ ಗೋಡೆ ಉಸಿರಾಡುತ್ತದೆ, ಒಳಗೆ ಉಳಿದ ತೇವ ಹೊರಗೆ ಬರುತ್ತದೆ. ಸುಣ್ಣದ ಖಾರಕ್ಕೆ ಬೂಷ್ಟು ಸುಲಭವಾಗಿ ಹಬ್ಬುವುದಿಲ್ಲ. ಸಿಮೆಂಟು, ಆಯಿಲ್ ಪೇಂಟು ಆ ತೇವವನ್ನು ಒಳಗೇ ಬೀಗ ಹಾಕಿ ಇಡುತ್ತವೆ. ನಮ್ಮ ಅಜ್ಜಂದಿರು ರಮಝಾನಿಗೆ ಮುಂಚೆ ಮನೆಗೆ ಸುಣ್ಣ ಬಳಿಯುತ್ತಿದ್ದರು. ಖರ್ಚೂ ಕಡಿಮೆ.

ಲೋಬಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಯೂನಾನಿಯಲ್ಲಿ ಧೂಪಕ್ಕೆ ಸ್ಥಾನವಿದೆ ಎಂಬುದು ನಿಜ. ಆದರೆ ಲೋಬಾನ ಹಸಿ ವಾಸನೆಯನ್ನು ಮರೆಮಾಡುತ್ತದೆ, ಹಸಿಯನ್ನು ತೆಗೆಯುವುದಿಲ್ಲ. ದಮ್ಮಿರುವ ಮಗು ಇರುವ ಕೋಣೆಯಲ್ಲಿ ಯಾವ ಹೊಗೆಯೂ ಬೇಡ. ಹಸಿ ವಾಸನೆ ಬರುತ್ತಿದ್ದರೆ ಬರಲಿ. ಗೋಡೆ ಇನ್ನೂ ಒಣಗಿಲ್ಲ ಎಂದು ಹೇಳುವ ಗುರುತು ಅದು.

ಈ ಲಕ್ಷಣಗಳಿಗೆ ಕಷಾಯ ಕಾಯಬೇಡಿ

ಯೂನಾನಿ ವೈದ್ಯರಾಗಿಯೇ ಹೇಳುತ್ತೇನೆ, ಈ ಕೆಳಗಿನವು ಕಂಡರೆ ನನ್ನಂಥವರ ಬಳಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ. ನೆರೆನೀರಿನಲ್ಲಿ ಓಡಾಡಿದ ಎರಡು ಮೂರು ವಾರದೊಳಗೆ ಜೋರು ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು: ಇಲಿಜ್ವರ ಇರಬಹುದು. ಅಕ್ಕಿಗಂಜಿಯಂಥ ಭೇದಿ, ಕಣ್ಣು ಒಳಸರಿಯುವುದು, ಮೂತ್ರ ಕಡಿಮೆಯಾಗುವುದು: ದಾರಿಯಲ್ಲೇ ಓಆರ್‌ಎಸ್ ಕುಡಿಸುತ್ತ ಒಯ್ಯಿರಿ. ಜ್ವರದ ಜೊತೆ ಮೈಮೇಲೆ ಕೆಂಪು ಚುಕ್ಕೆ: ಡೆಂಗೀ ಪರೀಕ್ಷೆ ಮಾಡಿಸಿ. ಮಗುವಿನ ಪಕ್ಕೆ ಒಳಗೆ ಸೆಳೆಯುವ ಉಸಿರು, ಕಣ್ಣು ಮೂತ್ರ ಹಳದಿಯಾಗುವುದು, ಹಾವು ಕಚ್ಚುವುದು: ಒಂದು ಗಳಿಗೆಯೂ ತಡ ಬೇಡ.

ಜಮಾಅತಿನಲ್ಲಿ ಒಂದು ತಂಡ

ಇಷ್ಟೆಲ್ಲ ಒಂದೇ ಕುಟುಂಬದ ಕೈಲಾಗದು. ಮಳೆಗಾಲಕ್ಕೆ ಮುಂಚೆಯೇ ಪ್ರತಿ ಹೊಳೆದಂಡೆಯ ಮಸೀದಿಯ ಜಮಾಅತು ಹತ್ತು ಯುವಕರ ತಂಡ ಮಾಡಿಕೊಳ್ಳಬಹುದು. ಅವರಲ್ಲಿ ಒಬ್ಬ ಗೌಂಡಿ, ಒಬ್ಬ ವೈರಿಂಗ್ ಬಲ್ಲವನು ಇರಲಿ. ಮಸೀದಿಯ ಎತ್ತರದ ಕೋಣೆಯಲ್ಲಿ ಹತ್ತು ಜೊತೆ ಗಮ್‌ಬೂಟು, ಗ್ಲೌಸು, ಸಲಿಕೆ, ಬುಟ್ಟಿ, ಒಂದು ಪಂಪು, ಆಸರೆಗೆ ನಾಲ್ಕಾರು ಕಂಬ, ಗಾಳಿಯಾಡದ ಡಬ್ಬಿಯಲ್ಲಿ ಬ್ಲೀಚಿಂಗ್ ಪೌಡರ್ ಇರಲಿ. ಪುಡಿ ಹಳೆಯದಾದರೆ ಬಲ ಕಳೆದುಕೊಳ್ಳುತ್ತದೆ, ವರ್ಷವರ್ಷ ಹೊಸದು ತನ್ನಿ. ನೆರೆ ಬಂದಾಗ ಸದಕಾ ಎಂದು ಹಳೆಯ ಬಟ್ಟೆಯ ಗಂಟು ಕಳಿಸುವ ಬದಲು ಗೌಂಡಿಯ ಎರಡು ದಿನದ ಪಗಾರ ಕೊಟ್ಟರೆ ಒಂದು ಮನೆ ನಿಲ್ಲುತ್ತದೆ.

ಮೊದಲು ವಿಧವೆಯರ, ಮುದುಕರ, ಅಂಗವಿಕಲರ ಮನೆ, ಆಮೇಲೆ ಉಳಿದವರದು. ಹೊಳೆ ಓಣಿ ನೋಡಿ ನುಗ್ಗುವುದಿಲ್ಲ, ತಂಡವೂ ಓಣಿ ನೋಡಬಾರದು. ನೆರೆಮನೆಯವನ ಹಕ್ಕು ಯಾವ ಜಾತಿ-ಧರ್ಮದ ನೆರೆಮನೆಯವನಿಗೂ ಸಲ್ಲುತ್ತದೆ.

ಮನೆಯಲ್ಲಿ ಕೂತು ಮಾತಾಡಿ

1. ನಮ್ಮ ಮನೆಯ ಗೋಡೆ ಮಣ್ಣಿನದೋ, ಕಲ್ಲಿನದೋ, ಇಟ್ಟಿಗೆಯದೋ? ಅದರ ಮೇಲೆ ಏನು ಬಳಿದಿದ್ದೇವೆ?

2. ಹಾಸಿಗೆಯ ಹಿಂದಿನ, ತಿಜೋರಿಯ ಹಿಂದಿನ ಗೋಡೆಯನ್ನು ಕಡೆಯದಾಗಿ ನೋಡಿದ್ದು ಯಾವಾಗ?

3. ಉತಾರ, ಕಾರ್ಡುಗಳು, ಕುರ್‌ಆನ್ ಪ್ರತಿ ನೀರು ಮುಟ್ಟದ ಎತ್ತರದಲ್ಲಿ ಪ್ಲಾಸ್ಟಿಕ್ ಚೀಲದೊಳಗಿವೆಯೇ?

4. ನಾವು ಕುಡಿಯುವ ಬಾವಿಯ ಅಡ್ಡಳತೆ ಎಷ್ಟು? ಅದಕ್ಕೆ ಎಷ್ಟು ಪುಡಿ ಬೇಕು?

5. ನಾಳೆ ಹೊಳೆ ಬಂದು ಇಳಿದರೆ ನಮ್ಮ ಓಣಿಯಲ್ಲಿ ಮೊದಲು ಯಾರ ಮನೆಗೆ ಹೋಗಬೇಕು?

ಬೀಗರು ಬರುವ ದಿನ ಗೋಡೆ ಬೋಳಾಗಿದ್ದರೆ ಅವಮಾನವೇನಿಲ್ಲ. ಮಕ್ಕಳಿಗೆ ರಾತ್ರಿ ಉಸಿರು ಸಲೀಸಾಗಿ ಬಂದರೆ ಅದೇ ಆ ಮನೆಯ ಅಂದ. ಅಲ್ಲಾಹನು ನಮ್ಮ ಹೊಳೆದಂಡೆಯ ಮನೆಗಳನ್ನು ಕಾಯಲಿ, ಕಾಯುವ ಕೆಲಸದಲ್ಲಿ ನಮ್ಮ ಪಾಲಿನದನ್ನು ಮಾಡುವ ತಾಳ್ಮೆಯನ್ನೂ ಕೊಡಲಿ. ಆಮೀನ್.